ತೇವ ಹಿಡಿದ ಗೋಡೆಗೆ ಸುಮ್ನೆ ಪೇಂಟ್ ಹೊಡೀಬೇಡಿ
ಗೋಡೆಲಿ ತೇವ ಬಂದು ಬಣ್ಣ ಉದುರ್ತಿದ್ರೆ ಮೇಲೊಂದು ವಾಟರ್‌ಪ್ರೂಫ್ ಪೇಂಟ್ ಹೊಡೆದ್ರೆ ಮುಗೀತು ಅಂತ ತುಂಬಾ ಜನ ಅಂದ್ಕೊಂಡಿದಾರೆ, ದಯವಿಟ್ಟು ಹಾಗೆ ಮಾಡ್ಬೇಡಿ, ಒಳಗಿನ ನೀರು ಅಲ್ಲೇ ಇರತ್ತೆ, ಪ್ಲಾಸ್ಟರಲ್ಲಿರೋ ಉಪ್ಪನ್ನೂ ಹೊರಗೆ ತಂದು ಹೊಸ ಬಣ್ಣಾನೂ ಗುಳ್ಳೆ ಎಬ್ಬಿಸತ್ತೆ.

ಮೊದ್ಲು ಒಂದು ಪ್ಲಾಸ್ಟಿಕ್ ಹಾಳೇನ ನಾಲ್ಕೂ ಕಡೆ ಟೇಪ್ ಹಾಕಿ ಗೋಡೆಗೆ ಅಂಟಿಸಿ ಒಂದೆರಡು ದಿನ ಬಿಡಿ. ಗೋಡೆ ಕಡೆ ಹನಿ ಕಟ್ಟಿದ್ರೆ ತೇವ ಒಳಗಿಂದ ಬರ್ತಿದೆ, ರೂಮಿನ ಕಡೆ ಕಟ್ಟಿದ್ರೆ ಅದು ಗಾಳೀದು, ಕಿಟಕಿ ತೆಗೆದು ಗಾಳಿ ಆಡೋಕೆ ಬಿಡಿ. ಒಳಗಿಂದ ಅಂದ್ರೆ ಪೈಪು, ಹೊರಗಿನ ಬಿರುಕು ಎಲ್ಲಾ ನೋಡಿ ಲೀಕ್ ನಿಲ್ಸಿ, ಗೋಡೆ ಪೂರ್ತಿ ಒಣಗ್ಲಿ (ವಾರಗಟ್ಲೆ ಆಗ್ಬಹುದು, ಅವಸರ ಬೇಡವೇ ಬೇಡ). ಉಪ್ಪನ್ನ ಒಣ ಬ್ರಷ್‌ನಲ್ಲೇ ಉಜ್ಜಿ ತೆಗೀರಿ, ನೀರು ಹಾಕಿದ್ರೆ ಕರಗಿ ವಾಪಸ್ ಗೋಡೆ ಒಳಗೇ ಹೋಗತ್ತೆ. ಆಮೇಲೆ ಪ್ರೈಮರ್, ಪೇಂಟ್.