ತಣ್ಣೀರು ಡೈವಿಗೆ ಬ್ಯಾಟರಿ ಹೀಟೆಡ್ ಅಂಡರ್‌ಸೂಟ್: ಯಾವಾಗ ಆನ್ ಮಾಡ್ಬೇಕು, ಹೇಗೆ ಹಾಕ್ಬೇಕು

ನೇತ್ರಾಣಿಯಲ್ಲಿ ಡೈವ್ ಕಲಿತ ನಮ್ಗೆ ನೀರಿನ ಚಳಿ ಅಂದ್ರೆ ಎಂತ ಅಂತ ಸರಿಯಾಗಿ ಗೊತ್ತಿರುವುದಿಲ್ಲ, ಅಲ್ಲಿ ನೀರು ಹೆಚ್ಚುಕಮ್ಮಿ 28 ಡಿಗ್ರಿ, 3 ಎಂಎಂ ವೆಟ್‌ಸೂಟ್ ಸಾಕಾಗ್ತದೆ. ಐಸ್‌ಲ್ಯಾಂಡಿನ ಸಿಲ್ಫ್ರಾ ಅಂತ ನೀರು ತುಂಬಿದ ನೆಲದ ಬಿರುಕಲ್ಲಿ ವರ್ಷ ಪೂರ್ತಿ 2ರಿಂದ 4 ಡಿಗ್ರಿ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಬಿಸಿ ಎಳೀತದೆ. ಆದ್ರೂ ಸಿಲ್ಫ್ರಾದಂಥ ಅರ್ಧ ಗಂಟೆ ಡೈವಿಗೆ ಡ್ರೈಸೂಟ್ (ನೀರು ಒಳಗೆ ಬಾರದ, ಒಳಗೆ ಗ್ಯಾಸ್ ತುಂಬಿಸುವ ಸೂಟ್) ಒಳಗೆ ದಪ್ಪ ಅಂಡರ್‌ಸೂಟ್, ಅಂದ್ರೆ ಒಳಗೆ ಹಾಕುವ ಬೆಚ್ಚಗಿನ ಬಟ್ಟೆ, ಇದ್ರೆ ಸಾಕು, ಹೀಟಿಂಗಿಗೆ ದುಡ್ಡು ಹಾಕ್ಬೇಡಿ. ಆಳಕ್ಕೆ ಹೋಗಿ ಉದ್ದ ಡಿಕೋ (ಮೈಯಲ್ಲಿ ಸೇರಿದ ನೈಟ್ರೋಜನ್ ಹೊರಗೆ ಹೋಗ್ಲಿಕ್ಕೆ ನಿಂತು ನಿಂತು ಮೇಲೆ ಬರುವುದು) ಮಾಡುವವರಿಗೆ ಮಾತ್ರ ಅದು ನಿಜವಾಗಿ ಬೇಕಾಗುವುದು.

ಮೊದ್ಲು ಮೈಗೆ ತಾಗಿ ತೆಳು ಮೆರಿನೋ ಅಥವಾ ಪಾಲಿಯೆಸ್ಟರ್ ಬನಿಯನ್, ಕಾಟನ್ ಬೇಡವೇ ಬೇಡ, ಬೆವರು ಹಿಡ್ಕೊಂಡು ಮತ್ತೆ ಚಳಿ ಮಾಡ್ತದೆ. ಅದ್ರ ಮೇಲೆ ಬ್ಯಾಟರಿಯಿಂದ ಬಿಸಿಯಾಗುವ ಹೀಟೆಡ್ ವೆಸ್ಟ್, ಅದ್ರ ಮೇಲೆ ದಪ್ಪ ಅಂಡರ್‌ಸೂಟ್, ಕೊನೆಗೆ ಡ್ರೈಸೂಟ್. ವೆಸ್ಟನ್ನು ನೇರ ಚರ್ಮಕ್ಕೆ ತಾಗಿಸ್ಬೇಡಿ, ಟ್ಯಾಂಕ್ ಕಟ್ಟುವ ಹಾರ್ನೆಸ್ ಒತ್ತುವ ಕಡೆ ತುಂಬಾ ಹೊತ್ತು ಬಿಸಿ ನಿಂತ್ರೆ ಗೊತ್ತಾಗದ ಹಾಗೆ ಸುಡ್ತದೆ. ಬ್ಯಾಟರಿ ಸೂಟಿನ ಹೊರಗೆ ಕ್ಯಾನಿಸ್ಟರಲ್ಲಿ ಇರುವ ಸೆಟ್ಟನ್ನೇ ತಗೊಳ್ಳಿ, ಎಂತಾದ್ರೂ ಎಡವಟ್ಟಾದ್ರೆ ಕೇಬಲ್ ಎಳೆದು ತೆಗೀಬಹುದು, ಲಿಥಿಯಂ ಬ್ಯಾಟರಿ ಸೂಟ್ ಒಳಗೆ ಹೊತ್ತಿಕೊಂಡ್ರೆ ನೀರಡಿಯಲ್ಲಿ ಎಂತ ಮಾಡ್ಲಿಕ್ಕೆ ಆಗ್ತದೆ ಹೇಳಿ. ಹೀಟಿಂಗ್ ಇರುವ ಡ್ರೈಸೂಟಿಗೆ ಆಕ್ಸಿಜನ್ ಜಾಸ್ತಿ ಇರುವ ಗ್ಯಾಸ್ ಕೂಡ ತುಂಬ್ಬೇಡಿ.

ಈಗ ಮುಖ್ಯ ವಿಷಯ, ಇದನ್ನು ದಯವಿಟ್ಟು ಗಮನ ಇಟ್ಟು ಓದಿ. ನೀರಿಗಿಳಿದ ಕೂಡ್ಲೇ ಫುಲ್ ಹೀಟ್ ಹಾಕ್ಬೇಡಿ. ಕೆಳಗಿರುವಾಗ ಮೈ ಬೆಚ್ಚಗಿದ್ರೆ ರಕ್ತ ಜಾಸ್ತಿ ಓಡಿ ನೈಟ್ರೋಜನ್ ಜಾಸ್ತಿ ಒಳಗೆ ಹೋಗ್ತದೆ, ಮೇಲೆ ಬರುವಾಗ ಚಳಿಗೆ ರಕ್ತನಾಳ ಬಿಗಿಯಾದ್ರೆ ಅದು ಹೊರಗೆ ಬರ್ಲಿಕ್ಕೆ ದಾರಿ ಇಲ್ಲ. ಅಮೆರಿಕದ ನೇವಿಯ ಎಕ್ಸ್‌ಪರಿಮೆಂಟಲ್ ಡೈವಿಂಗ್ ಯೂನಿಟ್ 2007ರ ರಿಪೋರ್ಟಲ್ಲಿ ಇದೇ ಉಂಟು, 120 ಅಡಿಯಲ್ಲಿ 36 ಡಿಗ್ರಿ ಬಿಸಿ ನೀರಲ್ಲಿದ್ದು ಡಿಕೋಗೆ 27 ಡಿಗ್ರಿಗೆ ಬಂದವರಿಗೆ ಡಿಸಿಎಸ್ (ಆ ನೈಟ್ರೋಜನ್ ಮೈಯೊಳಗೆ ಗುಳ್ಳೆಯಾಗಿ ಬರುವ ಕಾಯಿಲೆ) ತುಂಬಾ ಜಾಸ್ತಿ ಬಂತು, ಉಲ್ಟಾ ಮಾಡಿದವರಿಗೆ ತುಂಬಾ ಕಮ್ಮಿ. ಹಾಗಾಗಿ ಕೆಳಗೆ ಆಫ್ ಅಥವಾ ಲೋ, ಮೇಲೆ ಬರ್ಲಿಕ್ಕೆ ಶುರು ಮಾಡಿದ ಮೇಲೆ ಹೀಟ್ ಏರಿಸಿ. ಬ್ಯಾಟರಿ ಅರ್ಧದಲ್ಲಿ ಕೈ ಕೊಟ್ರೂ ಪೂರ್ತಿ ಡಿಕೋ ಮುಗಿಸುವಷ್ಟು ದಪ್ಪ ಬಟ್ಟೆ ಮೈಮೇಲೆ ಇರ್ಲೇಬೇಕು, ಅದಿಲ್ಲದಿದ್ರೆ ಆ ಡೈವೇ ಬೇಡ ಮಾರಾಯ್ರೆ.

ಬ್ಯಾಟರಿ ಲೆಕ್ಕ ಸುಲಭ, ವೋಲ್ಟನ್ನು ಆಂಪಿಯರ್ ಅವರ್‌ನಿಂದ ಗುಣಿಸಿದ್ರೆ ವ್ಯಾಟ್ ಅವರ್. 11.1 ವೋಲ್ಟ್, 13.5 ಆಂಪಿಯರ್ ಅವರ್ ಅಂದ್ರೆ ಸುಮಾರು 150 ವ್ಯಾಟ್ ಅವರ್, ಅದು 50 ವ್ಯಾಟ್ ವೆಸ್ಟಿಗೆ ಪೇಪರಲ್ಲಿ 3 ಗಂಟೆ, ಚಳಿಗೆ ಕಮ್ಮಿಯಾಗ್ತದೆ, ಎರಡೇ ಗಂಟೆ ಅಂತ ಇಟ್ಕೊಳ್ಳಿ. ಬಜ್ಪೆಯಿಂದ ವಿಮಾನ ಹತ್ತುವಾಗ ಸ್ಪೇರ್ ಬ್ಯಾಟರಿ ಕ್ಯಾಬಿನ್ ಬ್ಯಾಗಲ್ಲೇ ಇರ್ಬೇಕು, 100ರಿಂದ 160 ವ್ಯಾಟ್ ಅವರ್ ಇದ್ರೆ ಏರ್‌ಲೈನ್ ಪರ್ಮಿಷನ್ ಮೊದ್ಲೇ ತಗೊಳ್ಳಿ, 160 ದಾಟಿದ್ರೆ ಬಿಡುವುದಿಲ್ಲ, ಅದನ್ನು ಡೈವ್ ಮಾಡುವ ಜಾಗದಲ್ಲೇ ಬಾಡಿಗೆಗೆ ಹುಡುಕ್ಬೇಕು.

ಊರಲ್ಲಿ ಟೆಸ್ಟ್ ಮಾಡುವುದಾದ್ರೆ ಎಸಿ ರೂಮಲ್ಲಿ ಸ್ವಲ್ಪ ಹೊತ್ತು ಮಾತ್ರ, ಕೈ ಆಡಿಸಿ ಎಲ್ಲಾ ಪ್ಯಾನೆಲ್ ಸಮ ಬಿಸಿ ಆಗ್ತದಾ ನೋಡಿ. ಮಳೆಗಾಲದಲ್ಲಿ ನಮ್ಮಲ್ಲಿ ಬಟ್ಟೆಗೆ ಬೂಷ್ಟು ಹಿಡಿಯುವುದು ಗ್ಯಾರಂಟಿ, ಒಣಗಿಸಿ ಸಿಲಿಕಾ ಜೆಲ್ ಹಾಕಿ ಗಾಳಿಯಾಡದ ಡಬ್ಬದಲ್ಲಿಡಿ, ಕನೆಕ್ಟರ್ ಸಿಹಿ ನೀರಲ್ಲಿ ತೊಳೆದು ಒರೆಸಿ, ಬ್ಯಾಟರಿಯನ್ನು ಅರ್ಧ ಚಾರ್ಜಲ್ಲಿ ಬೇರೆಯೇ ಇಡಿ.