ಬೀಗ ಹಾಕಿದ್ದಾಯ್ತು, ಬ್ಯಾಕಪ್ ಎಲ್ಲಿ?

ಲ್ಯಾಪ್‌ಟಾಪ್ ರಿಪೇರಿಗೆ ಕೊಟ್ಟು ಬಂದ ರಾತ್ರಿ ನಿದ್ದೆ ಹತ್ತಲಿಲ್ಲ. ಡೈರಿ, ತೆರಿಗೆ ಕಾಗದಗಳ ಸ್ಕ್ಯಾನ್, ಮೆಡಿಕಲ್ ರಿಪೋರ್ಟ್ ಎಲ್ಲಾ ಅದರಲ್ಲೇ ಇದ್ದವು. ಲಾಗಿನ್ ಪಾಸ್‌ವರ್ಡ್ ಇದೆಯಲ್ವಾ ಅಂದುಕೊಂಡೆ. ಆದರೆ ಡಿಸ್ಕ್ ಎನ್‌ಕ್ರಿಪ್ಟ್ ಆಗಿರದಿದ್ದರೆ (ಅಂದರೆ ಕೀ ಇಲ್ಲದೆ ಓದಲಾಗದ ಗೂಢಲಿಪಿ ಆಗಿರದಿದ್ದರೆ), ಅದನ್ನು ಬಿಚ್ಚಿ ಬೇರೆ ಕಂಪ್ಯೂಟರಿಗೆ ಸಿಕ್ಕಿಸಿದರೆ ಸಾಕು, ಎಲ್ಲಾ ಕಾಣುತ್ತದೆ.

ಮೊದಲು, ಹಲವು ಫೈಲುಗಳನ್ನು ಒಂದೇ ಫೈಲಾಗಿ ಕಟ್ಟುವ ಸೆವೆನ್‌ಜಿಪ್ ಪ್ರೋಗ್ರಾಂನಲ್ಲಿ ಪಾಸ್‌ವರ್ಡ್ ಹಾಕಿ ಗಂಟು ಕಟ್ಟಿದೆ. ಫೈಲ್ ಹೆಸರುಗಳನ್ನೂ ಮುಚ್ಚುವ ಟಿಕ್ ಒಂದಿದೆ, ಅದನ್ನು ಹಾಕಲೇ ಇಲ್ಲ. ಒಳಗಿನದು ತೆರೆಯದಿದ್ದರೂ 'ರಕ್ತಪರೀಕ್ಷೆ' ಅನ್ನೋ ಹೆಸರು ಓದಿದರೆ ಸಾಕಲ್ವಾ? ಸಾಲದ್ದಕ್ಕೆ, ಗಂಟಿನೊಳಗಿಂದಲೇ ಫೈಲ್ ತೆರೆದಾಗ ಅದರ ಬಿಚ್ಚಿದ ಒಂದು ಪ್ರತಿ ಟೆಂಪ್ (ತಾತ್ಕಾಲಿಕ) ಫೋಲ್ಡರಿಗೆ ಬಂದು ಕೂರುತ್ತದೆ.

ಆಮೇಲೆ ವೆರಾಕ್ರಿಪ್ಟ್ ಅನ್ನೋ ಎನ್‌ಕ್ರಿಪ್ಟ್ ಮಾಡುವ ಪ್ರೋಗ್ರಾಂಗೆ ಬಂದೆ. 10 ಜಿಬಿಯ ಒಂದೇ ಕಂಟೇನರ್ ಫೈಲ್, ಅಂದರೆ ಬೇರೆ ಫೈಲುಗಳನ್ನು ಒಳಗಿಡುವ ಬೀಗದ ಪೆಟ್ಟಿಗೆ, ಮಾಡಿದೆ. ಮಾಡುವಾಗ ಮೌಸನ್ನು ಅಡ್ಡಾದಿಡ್ಡಿ ಆಡಿಸು ಅನ್ನುತ್ತದೆ. ಎನ್‌ಕ್ರಿಪ್ಟ್ ಮಾಡುವ ಕೀ ಊಹೆಗೆ ಸಿಗದಂತಿರಲು ಆ ಓಡಾಟವೂ ಬೇಕು. (ನಾನಂತೂ ಬೇಕಾದ್ದಕ್ಕಿಂತ ಜಾಸ್ತಿಯೇ ಆಡಿಸಿದೆ.) ಪಾಸ್‌ವರ್ಡಿಗೆ ದಾಳ ಉರುಳಿಸಿ, ದಾಳದ ಅಂಕಿಗೆ ತಕ್ಕ ಪದ ಕೊಡುವ 7776 ಪದಗಳ ಡೈಸ್‌ವೇರ್ ಪಟ್ಟಿಯಿಂದ 6 ಪದ ತೆಗೆದೆ. ಪಾಸ್‌ವರ್ಡ್ ಕೊಟ್ಟರೆ ಕಂಟೇನರ್ ಇನ್ನೊಂದು ಡ್ರೈವ್ ಥರ ತೆರೆದುಕೊಳ್ಳುತ್ತದೆ. ಮುಚ್ಚಿದರೆ ಮಾಯ.

ಪೆಟ್ಟು ತಿಂದಿದ್ದು ಬ್ಯಾಕಪ್‌ನಲ್ಲಿ. ಕಂಟೇನರನ್ನು ಕ್ಲೌಡ್ ಫೋಲ್ಡರಿನಲ್ಲಿಟ್ಟು ನೆಮ್ಮದಿಯಾಗಿದ್ದೆ. ಎರಡು ತಿಂಗಳ ನಂತರ ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದರೆ ಒಳಗಿರೋದು ಮೊದಲ ದಿನದ್ದೇ! ವೆರಾಕ್ರಿಪ್ಟ್ ಸುಮ್ನೆ ಬಿಟ್ಟರೆ, ಒಳಗೆ ಏನೇ ಬದಲಾದರೂ ಕಂಟೇನರಿನ ಮೇಲಿನ ದಿನಾಂಕ ಬದಲಿಸುವುದಿಲ್ಲ. ದಿನಾಂಕ ನೋಡುವ ಸಿಂಕ್ ಪ್ರೋಗ್ರಾಂ, ಏನೂ ಆಗಿಲ್ಲ ಅಂತ ಪಕ್ಕಕ್ಕೆ ಸರಿಯುತ್ತದೆ. ಪ್ರಿಫರೆನ್ಸಸ್‌ನಲ್ಲಿ ದಿನಾಂಕ ಹಾಗೇ ಉಳಿಸುವ ಟಿಕ್ ತೆಗೆದ ಮೇಲೆ ಸರಿಹೋಯಿತು.

ಈಗ ಕ್ಲೌಡಿಗೆ ಹೋಗೋದನ್ನೆಲ್ಲ ಕ್ರಿಪ್ಟೊಮೇಟರ್ ಅನ್ನೋ ಇನ್ನೊಂದು ಪ್ರೋಗ್ರಾಂನಲ್ಲಿ ಇಡುತ್ತೇನೆ. ಅದು ಒಂದೊಂದು ಫೈಲನ್ನೂ ಬೇರೆಬೇರೆಯಾಗಿ ಮುಚ್ಚುತ್ತದೆ, ಹೆಸರನ್ನೂ ಸೇರಿಸಿ. ಎಷ್ಟು ಫೈಲಿವೆ, ಹೆಚ್ಚುಕಡಿಮೆ ಎಷ್ಟು ದೊಡ್ಡವು ಅನ್ನೋದು ಮಾತ್ರ ಹೊರಗೆ ಕಾಣುತ್ತದೆ. ಅಷ್ಟಕ್ಕೆ ನನ್ನ ತಕರಾರಿಲ್ಲ.

ಡಿಸ್ಕಿನಲ್ಲಿದ್ದ ಹಳೇ ಪ್ರತಿಗಳದ್ದು ಬೇರೆ ತಲೆನೋವು. ಎಸ್‌ಎಸ್‌ಡಿಯಲ್ಲಿ (ಚಿಪ್‌ಗಳ ಡಿಸ್ಕಿನಲ್ಲಿ) ಅಳಿಸಿ ಮೇಲೆ ಬರೆದರೂ ಹಳೆಯದು ಎಲ್ಲೋ ಉಳಿದಿರಬಹುದು. ಹಾಗಾಗಿ ಇಡೀ ಡಿಸ್ಕನ್ನೇ ಎನ್‌ಕ್ರಿಪ್ಟ್ ಮಾಡಿದೆ.

ಕಂಟೇನರಿನ ಹೆಡರ್, ಅಂದರೆ ಅದನ್ನು ತೆರೆಯುವ ಕೀ ಇರುವ ಶುರುವಿನ ಭಾಗ, ಕೆಟ್ಟರೆ ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಅದು ತೆರೆಯದೇ ಹೋಗಬಹುದು. ಅದಕ್ಕೇ ಹೆಡರಿನ ಬ್ಯಾಕಪ್ ಪೆನ್‌ಡ್ರೈವಿನಲ್ಲಿದೆ. ಪಾಸ್‌ವರ್ಡ್ ಬದಲಿಸಿದ ದಿನ ಹೊಸ ಬ್ಯಾಕಪ್ ತೆಗೆದು ಹಳೆಯದನ್ನು ನಾಶ ಮಾಡಿದೆ. ಯಾಕೆಂದರೆ ಹಳೇ ಹೆಡರ್ ಇರೋವರೆಗೂ ಹಳೇ ಪಾಸ್‌ವರ್ಡ್ ಆ ಬಾಗಿಲು ತೆರೆಯುತ್ತಲೇ ಇರುತ್ತದೆ.