ಜನರೇಟರ್‌ಗೆ ವೈರ್ ತರುವ ಮುಂಚೆ ಅಂಗಳ ಅಳೆಯಿರಿ

ಮಲೆನಾಡಿನಲ್ಲಿ ಮಳೆಗಾಲ ಶುರುವಾದರೆ ಮರ ಬಿದ್ದು ಕರೆಂಟು ಹೋಗುವುದು, ಹೋದದ್ದು ಎರಡು ದಿನ ಬಾರದಿರುವುದು ಮಾಮೂಲು. ಅದಕ್ಕೇ ಸಣ್ಣ ಪೆಟ್ರೋಲ್ ಜನರೇಟರ್ ತರುತ್ತಾರೆ. ಅದನ್ನು ಕೊಳ್ಳಲು ನಾಲ್ಕು ಅಂಗಡಿ ಸುತ್ತುವವರು, ವೈರ್ ಮಾತ್ರ ಮನೆಯಲ್ಲಿ ಬಿದ್ದಿರುವುದನ್ನೇ ಸಿಕ್ಕಿಸಿಬಿಡುತ್ತಾರೆ.

ಮೊದಲು ಜನರೇಟರ್ ಇಡುವ ಜಾಗ ಗೊತ್ತು ಮಾಡಿಕೊಳ್ಳಿ. ಅದರ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ, ಮಲಗಿದವರಿಗೆ ತಿಳಿಯುವುದೇ ಇಲ್ಲ. ಜಗಲಿ ಬೇಡ, ಕಿಟಕಿ ಪಕ್ಕವೂ ಬೇಡ. ಮನೆಯಿಂದ ಕನಿಷ್ಠ 20 ಅಡಿ ದೂರ, ಮಳೆ ನೀರು ತಾಗದ, ಸುತ್ತ ಗಾಳಿಯಾಡುವ ಚಪ್ಪರದ ಅಡಿ ಇಡಿ. ವೈರ್ ಗಿಡ್ಡ ಅಂತ ಎಷ್ಟೋ ಜನ ಜನರೇಟರನ್ನೇ ಒಳಗೆ ಎಳೆದುಕೊಳ್ಳುತ್ತಾರೆ, ಹಾಗಾಗಿ ಉದ್ದ ಅಳೆದ ಮೇಲೇ ಅಂಗಡಿಗೆ ಹೋಗಿ.

ಆಮೇಲೆ ದಪ್ಪ. 2.5 ಕೆವಿಎ ಸಾಮರ್ಥ್ಯದ ಜನರೇಟರ್ 230 ವೋಲ್ಟಿನಲ್ಲಿ ಸುಮಾರು 11 ಆಂಪ್ಸ್ ಕೊಡುತ್ತದೆ. 1 ಸ್ಕ್ವೇರ್ ಎಂಎಂ ತಾಮ್ರದ ವೈರನ್ನು 30 ಮೀಟರ್ ಎಳೆದು 10 ಆಂಪ್ಸ್ ಹರಿಸಿದರೆ, ಸುಮಾರು 12 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ, ಅಂದರೆ ನೂರು ವ್ಯಾಟಿಗೂ ಜಾಸ್ತಿ ಸುಮ್ನೆ ವೈರನ್ನು ಕಾಯಿಸಲು ಹೋಯಿತು. 2.5 ಸ್ಕ್ವೇರ್ ಎಂಎಂ ಆದರೆ ನಷ್ಟ 5 ವೋಲ್ಟಿನೊಳಗೆ. ಪಂಪ್, ಫ್ರಿಜ್ ಶುರುವಾಗುವಾಗ ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತವೆ, ಸಣ್ಣ ವೈರಿನಲ್ಲಿ ಮೋಟಾರ್ ಬರೀ ಗುಂಯ್‌ಗುಟ್ಟುತ್ತದೆ. ಅಂಗಡಿಯವರು ‘ಇದೇ ಸಾಕು ಸಾರ್’ ಅಂದರೂ 2.5 ಸ್ಕ್ವೇರ್ ಎಂಎಂ ವೈರನ್ನೇ ಕೇಳಿ.

ತ್ರೀ ಕೋರ್, ಅಂದರೆ ಒಳಗೆ ಮೂರು ವೈರ್ ಇರುವ ಕೇಬಲ್ ಇರಲಿ. ಟು ಕೋರ್‌ನಲ್ಲಿ ಅರ್ತ್ ವೈರೇ ಇರುವುದಿಲ್ಲ, ಮಳೆಗಾಲದಲ್ಲಿ ಟು ಕೋರ್ ಬೇಡವೇ ಬೇಡ. ಹೊರಗೆ ಎಳೆಯಲು ರಬ್ಬರ್ ಹೊದಿಕೆಯ ಕೇಬಲ್ ಒಳ್ಳೆಯದು. ಪಿವಿಸಿ ತಂದರೆ ಐಎಸ್ 694 (ಪಿವಿಸಿ ಕೇಬಲ್‌ನ ಭಾರತೀಯ ಮಾನದಂಡ) ಮತ್ತು ಐಎಸ್‌ಐ ಗುರುತು ನೋಡಿ. ಬೆಲೆ ತೀರಾ ಕಮ್ಮಿ ಅನ್ನಿಸಿದರೆ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆಯಿರಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಬಳಿದ ಅಲ್ಯೂಮಿನಿಯಂ, ಅಲ್ಲೇ ವಾಪಸ್ ಕೊಡಿ.

ಎಳೆಯುವಾಗ ಸುರುಳಿ ಪೂರ್ತಿ ಬಿಚ್ಚಿ, ಸುತ್ತಿಟ್ಟ ವೈರಿನ ಹೊದಿಕೆ ಶಾಖ ಹೊರಹೋಗದೆ ಕರಗಬಹುದು. ನಡುವೆ ಟೇಪ್ ಸುತ್ತಿದ ಜಾಯಿಂಟ್ ಇರಬಾರದು.

ಇನ್ನೊಂದು. ಎರಡೂ ಕಡೆ ಪಿನ್ ಇರುವ ವೈರ್ ಮಾಡಿಸಿ, ಗೋಡೆಯ ಸಾಕೆಟ್‌ಗೆ ಜನರೇಟರ್ ಕರೆಂಟ್ ಕೊಡುವ ಉಪಾಯ ಹೇಳುವವರು ಊರಿಗೊಬ್ಬರು ಇರುತ್ತಾರೆ. ಕೇಳಲೇಬೇಡಿ. ಬಿಚ್ಚಿದ ಪಿನ್ನಿನಲ್ಲೇ 230 ವೋಲ್ಟ್ ಇರುತ್ತದೆ. ಮೇನ್ ಆಫ್ ಮಾಡಲು ಮರೆತರೆ ಆ ಕರೆಂಟು ಹೊರಗಿನ ಲೈನಿಗೆ ಹೋಗಿ, ಟ್ರಾನ್ಸ್‌ಫಾರ್ಮರಿನಲ್ಲಿ ವೋಲ್ಟೇಜ್ ಏರಿ, ಕಂಬದ ಮೇಲಿರುವ ಲೈನ್‌ಮನ್‌ಗೆ ಹೊಡೆಯುತ್ತದೆ. ಇಡೀ ಮನೆಗೆ ಬೇಕಿದ್ದರೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಲಿ ಚೇಂಜ್‌ಓವರ್ ಸ್ವಿಚ್ (ಲೈನ್ ಕರೆಂಟು, ಜನರೇಟರ್ ಎರಡರಲ್ಲಿ ಒಂದನ್ನು ಮಾತ್ರ ಮನೆಗೆ ಜೋಡಿಸುವ ಸ್ವಿಚ್) ಹಾಕಿಸಿ. ಅಲ್ಲಿಯವರೆಗೆ ಫ್ರಿಜ್ಜು, ಎರಡು ಲೈಟು ನೇರವಾಗಿ ಎಕ್ಸ್‌ಟೆನ್ಷನ್ ಬೋರ್ಡಿನಲ್ಲೇ ನಡೆಯಲಿ.